ಗಾಳಿಯ ದಿಕ್ಕನ್ನು ಕೇಳದೆ ಹೇಳುವ ಭವಿಷ್ಯ

ಆಗಸ್ಟ್ ತಿಂಗಳು ಮುಗಿಯುತ್ತ ಬಂದರೆ ಕೆನಡಾದ ಸಸ್ಕಾಚೆವಾನ್ ಮತ್ತು ಮ್ಯಾನಿಟೋಬ ಪ್ರಾಂತ್ಯಗಳಲ್ಲಿ ಕೆನಡಿಯನ್ ಫುಟ್‌ಬಾಲ್‌ನ ಒಂದೇ ಚರ್ಚೆ. ಲೇಬರ್ ಡೇ (ಸೆಪ್ಟೆಂಬರ್‌ನ ಮೊದಲ ಸೋಮವಾರ) ಹಿಂದಿನ ಭಾನುವಾರ ರಿಜೈನಾದ ಮೊಸಾಯಿಕ್ ಸ್ಟೇಡಿಯಂನಲ್ಲಿ ಗೆಲ್ಲುವವರು ಯಾರು, ಸಸ್ಕಾಚೆವಾನ್ ರಫ್‌ರೈಡರ್ಸೋ ವಿನಿಪೆಗ್ ಬ್ಲೂ ಬಾಂಬರ್ಸೋ? ಒಂದು ವಾರ ಕಳೆದ ಮೇಲೆ ಅವೇ ಎರಡು ತಂಡಗಳು ವಿನಿಪೆಗ್‌ನಲ್ಲಿ ಮತ್ತೆ ಎದುರಾಗುತ್ತವೆ. ವಿನಿಪೆಗ್‌ನಲ್ಲಿ ನೆಲೆಸಿರುವ ನಾನು ಈ ಚರ್ಚೆಯನ್ನು ಕಚೇರಿಯಲ್ಲೂ ಕೇಳುತ್ತೇನೆ, ಇಲ್ಲಿನ ಕನ್ನಡಿಗ ಗೆಳೆಯರ ವಾಟ್ಸಾಪ್ ಗುಂಪಿನಲ್ಲೂ ಓದುತ್ತೇನೆ. ಎರಡೂ ಕಡೆ ವಾದದ ಕಾವಿಗೆ ಕೊರತೆಯಿಲ್ಲ, ಆದರೆ ಆ ವಾದಗಳು ತಪ್ಪು ಜಾಗದಲ್ಲಿ ನಿಂತಿವೆ ಎಂಬುದು ನನ್ನ ತಕರಾರು.

ಪರಿಚಯವಿಲ್ಲದವರಿಗಾಗಿ ಆಟದ ವಿಚಾರ ಸ್ವಲ್ಪ ಹೇಳಬೇಕು. ಇದು ಅಮೆರಿಕನ್ ಫುಟ್‌ಬಾಲ್‌ನ ಸೋದರನಾದರೂ ಅವಳಿಯಲ್ಲ. ಒಂದೊಂದು ತಂಡದಿಂದ 11ರ ಬದಲು 12 ಆಟಗಾರರು ಕಣದಲ್ಲಿರುತ್ತಾರೆ. ಮೈದಾನ 110 ಗಜ ಉದ್ದ, 65 ಗಜ ಅಗಲ. 10 ಗಜ ಮುಂದೆ ಸಾಗಲು ಅಲ್ಲಿ ನಾಲ್ಕು ಅವಕಾಶಗಳಿದ್ದರೆ ಇಲ್ಲಿ ಮೂರೇ. ಈ ಒಂದು ಡೌನ್ (ಅವಕಾಶ) ಕಡಿಮೆಯಾಗಿರುವುದರಿಂದ ಆಟದ ಸ್ವಭಾವವೇ ಬದಲಾಗಿದೆ. ಎರಡು ಪ್ರಯತ್ನಗಳಲ್ಲಿ ಗುರಿ ಮುಟ್ಟದಿದ್ದರೆ ಮೂರನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸಬೇಕು. ಆದ್ದರಿಂದ ಕೆನಡಾದ ಆಟದಲ್ಲಿ ಒದೆತದ ಸರದಿ ಮೇಲಿಂದ ಮೇಲೆ ಬರುತ್ತದೆ, ಪ್ರತಿಯೊಂದು ಒದೆತವೂ ಎಷ್ಟು ದೂರ ಹೋಗಿ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಮುಂದಿನ ಹತ್ತು ನಿಮಿಷಗಳ ಹಣೆಬರಹ ನಿಂತಿರುತ್ತದೆ.

ಇಷ್ಟಾದರೂ ಅಭಿಮಾನಿಗಳ ವಾದ ನಡೆಯುವುದು ಚೆಂಡೆಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಯಾರು, ಈ ಹಂಗಾಮಿನಲ್ಲಿ ಗೆಲುವೆಷ್ಟು ಸೋಲೆಷ್ಟು ಎಂಬ ಎರಡೇ ವಿಷಯಗಳ ಸುತ್ತ. ಗೆಲುವು ಸೋಲಿನ ಲೆಕ್ಕ ಒಂದೇ ಪಂದ್ಯದ ಬಗ್ಗೆ ಎಷ್ಟು ಕಡಿಮೆ ಹೇಳುತ್ತದೆ ಎಂಬುದನ್ನು ಕೆನಡಿಯನ್ ಫುಟ್‌ಬಾಲ್ ಲೀಗ್ ಪದೇ ಪದೇ ತೋರಿಸಿಕೊಟ್ಟಿದೆ. 2016ರಲ್ಲಿ 15 ಗೆದ್ದು 2 ಸೋತು 1 ಸಮ ಮಾಡಿಕೊಂಡಿದ್ದ ಕ್ಯಾಲ್ಗರಿಯನ್ನು, ಗೆಲುವಿಗಿಂತ ಸೋಲೇ ಹೆಚ್ಚಿದ್ದ ಒಟ್ಟಾವಾ ಲೀಗ್‌ನ ಪ್ರಶಸ್ತಿಯಾದ ಗ್ರೇ ಕಪ್ ಫೈನಲ್‌ನಲ್ಲಿ 39-33ರಿಂದ ಸೋಲಿಸಿತು. 2019ರಲ್ಲಿ 15 ಪಂದ್ಯ ಗೆದ್ದಿದ್ದ ಹ್ಯಾಮಿಲ್ಟನ್ ಫೈನಲ್‌ನಲ್ಲಿ ವಿನಿಪೆಗ್ ಎದುರು 33-12ರಿಂದ ನೆಲಕಚ್ಚಿತು. 2022ರಲ್ಲಿ ಅದೇ 15 ಗೆಲುವುಗಳ ಕಿರೀಟ ಹೊತ್ತಿದ್ದ ವಿನಿಪೆಗ್ ಒಂದೇ ಒಂದು ಅಂಕದಿಂದ, 24-23ರಲ್ಲಿ, ಟೊರಾಂಟೊಗೆ ಶರಣಾಯಿತು. ಮರುವರ್ಷ 18ರಲ್ಲಿ 16 ಗೆದ್ದ ಟೊರಾಂಟೊ ಫೈನಲ್‌ಗೂ ಬರಲಿಲ್ಲ. ಒಂಬತ್ತೇ ತಂಡಗಳ ಲೀಗ್ ಇದು, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಿರುತ್ತದೆ. ಅಂಕಪಟ್ಟಿ ಹಿಡಿದು ಎದೆಯುಬ್ಬಿಸಿ ಭವಿಷ್ಯ ಹೇಳುವವರನ್ನು ಕಂಡರೆ ನನಗೆ ನಗು ತಡೆಯುವುದಿಲ್ಲ.

ಕ್ವಾರ್ಟರ್‌ಬ್ಯಾಕ್ ವಾದಕ್ಕೂ ಇದೇ ಗತಿ. ಜ್ಯಾಕ್ ಕೊಲಾರೋಸ್ 2019ರ ಹಂಗಾಮನ್ನು ಸಸ್ಕಾಚೆವಾನ್ ತಂಡದಲ್ಲಿ ಆರಂಭಿಸಿ, ಮೊದಲ ಪಂದ್ಯದಲ್ಲೇ ತಲೆಗೆ ಪೆಟ್ಟು ತಿಂದು ಹೊರಬಿದ್ದರು. ಅಲ್ಲಿಂದ ಟೊರಾಂಟೊಗೆ, ಅಕ್ಟೋಬರ್‌ನಲ್ಲಿ ವಿನಿಪೆಗ್‌ಗೆ ಕೈಬದಲಾದರು. ನವೆಂಬರ್‌ನಲ್ಲಿ ಅದೇ ಮನುಷ್ಯ ರಿಜೈನಾಕ್ಕೆ ಮರಳಿ, ತಮ್ಮ ಹಳೆಯ ತಂಡವನ್ನು ಪಶ್ಚಿಮ ವಿಭಾಗದ ಫೈನಲ್‌ನಲ್ಲಿ 20-13ರಿಂದ ಮನೆಗೆ ಕಳಿಸಿದರು. ಆ ವರ್ಷದ ಲೇಬರ್ ಡೇ ಹೊತ್ತಿಗೆ ಕೊಲಾರೋಸ್ ಹೆಸರು ಹಿಡಿದು ವಿನಿಪೆಗ್‌ನ ಗೆಲುವನ್ನು ಊಹಿಸಿದವರು ಯಾರೂ ಇರಲು ಸಾಧ್ಯವಿರಲಿಲ್ಲ.

ಆ ವಿಭಾಗದ ಫೈನಲ್‌ನ ಕೊನೆಯ ಗಳಿಗೆಯನ್ನು ನೆನೆಯದೆ ಮುಂದೆ ಹೋಗಲಾರೆ. ಕೆನಡಾದಲ್ಲಿ ಗೋಲು ಕಂಬ ಗೋಲ್ ಗೆರೆಯ ಮೇಲೆಯೇ ನಿಂತಿರುತ್ತದೆ, ಅಂದರೆ ಆಟದ ನಟ್ಟನಡುವೆ. ಸಮಯ ಮುಗಿಯುತ್ತಿದ್ದಾಗ, ಏಳು ಅಂಕ ಹಿಂದಿದ್ದ ಸಸ್ಕಾಚೆವಾನ್‌ನ ಕೋಡಿ ಫಜಾರ್ಡೊ ಎಸೆದ ಚೆಂಡು ಹೋಗಿ ಬಡಿದದ್ದು ಆ ಕಂಬಕ್ಕೆ. ಹಂಗಾಮಿನುದ್ದಕ್ಕೂ ಲೆಕ್ಕ ಹಾಕಿದ್ದ ಪಂಡಿತರಲ್ಲಿ ಒಬ್ಬರೂ ಕಂಬವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. 2027ರಿಂದ ಕಂಬಗಳನ್ನು ಗೋಲ್ ಗೆರೆಯ ಆಚೆಗಿನ ಎಂಡ್ ಜೋನ್‌ನ ಹಿಂಬದಿಗೆ ಸರಿಸಿ ಮೈದಾನವನ್ನು 100 ಗಜಕ್ಕೆ ಇಳಿಸುವುದಾಗಿ ಲೀಗ್ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದೆ. ಆಟ ಚುರುಕಾಗಬಹುದು, ಆದರೆ ಇಂಥ ನೆನಪುಗಳು ಹುಟ್ಟುವ ಜಾಗ ಒಂದು ಇಲ್ಲವಾಗುತ್ತದೆ ಎಂಬ ಬೇಸರ ನನಗಿದೆ.

ಹಾಗಾದರೆ ಭಾನುವಾರದ ಬಗ್ಗೆ ಏನನ್ನು ಕೇಳಬೇಕು? ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಗಾಳಿಯದು. ರಿಜೈನಾ ಬಯಲುಸೀಮೆಯ ಊರು. ಗಾಳಿಯನ್ನು ತಡೆಯಲು ಸುತ್ತ ಒಂದು ಗುಡ್ಡವೂ ಇಲ್ಲ. ಬೆನ್ನಿಗೆ ಗಾಳಿಯಿದ್ದಾಗ ದಾಟಿಹೋಗುವ ಫೀಲ್ಡ್ ಗೋಲ್ (ಮೂರು ಅಂಕಕ್ಕಾಗಿ ಕಂಬಗಳ ನಡುವೆ ಒದೆಯುವ ಚೆಂಡು), ಎದುರುಗಾಳಿಯಲ್ಲಿ ಕಂಬದ ಮುಂದೆಯೇ ಸುಸ್ತಾಗುತ್ತದೆ. ತಂಡಗಳು ದಿಕ್ಕು ಬದಲಿಸುತ್ತ ಹೋಗುವುದರಿಂದ, ಕೊನೆಯ ಕ್ವಾರ್ಟರ್‌ನಲ್ಲಿ ಗಾಳಿ ಯಾರ ಬೆನ್ನಿಗಿರುತ್ತದೆ ಎಂಬ ಆಯ್ಕೆಯನ್ನು ತರಬೇತುದಾರರು ಬಹಳ ಯೋಚಿಸಿ ಮಾಡುತ್ತಾರೆ. ಚಿನ್ನಸ್ವಾಮಿಯಲ್ಲಿ ರಾತ್ರಿ ಇಬ್ಬನಿ ಬೀಳುವುದನ್ನು ನೆನೆದು ಟಾಸ್ ಗೆದ್ದವರು ಬೌಲಿಂಗ್ ಆಯ್ದುಕೊಳ್ಳುವುದನ್ನು ಬಲ್ಲ ನಮ್ಮ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಗುಂಪಿನಲ್ಲಿ ಗಾಳಿಯ ಮಾತೆತ್ತಿದವರು ಒಬ್ಬರೂ ಇಲ್ಲ.

ಎರಡನೆಯದು ಗಾಯಾಳುಗಳ ಪಟ್ಟಿ, ಅದರಲ್ಲೂ ಕೆನಡಿಯನ್ ಆಟಗಾರರದು. ಆರಂಭದಲ್ಲಿ ಕಣಕ್ಕಿಳಿಯುವವರಲ್ಲಿ ಇಂತಿಷ್ಟು ಮಂದಿ ಸ್ವದೇಶದವರೇ ಇರಬೇಕೆಂಬ ನಿಯಮ ಈ ಲೀಗ್‌ನಲ್ಲಿದೆ. ಹೀಗಾಗಿ ಮುಂಚೂಣಿಯಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಒಬ್ಬ ಕೆನಡಿಯನ್ ಲೈನ್‌ಮನ್ ಮಂಡಿ ಉಳುಕಿಸಿಕೊಂಡು, ಅವನ ಜಾಗಕ್ಕೆ ತಕ್ಕ ಇನ್ನೊಬ್ಬ ಕೆನಡಿಯನ್ ಸಿಗದಿದ್ದರೆ, ಅಮೆರಿಕದವನನ್ನು ಅಲ್ಲಿ ತಂದು ನಿಲ್ಲಿಸಿ, ಆ ಕೊರತೆ ತುಂಬಲು ಮತ್ತೆಲ್ಲೋ ಚೆನ್ನಾಗಿ ಆಡುತ್ತಿರುವ ಅಮೆರಿಕದವನನ್ನು ಬೆಂಚಿಗೆ ಕಳಿಸಬೇಕಾಗುತ್ತದೆ. ಟಿವಿಯಲ್ಲಿ ಹೆಸರೂ ಕೇಳಿಸದ ಒಬ್ಬನ ಮಂಡಿಯಿಂದ ಎರಡು ಮೂರು ಕಡೆ ತಂಡ ಅಲುಗಾಡಬಹುದು. ವಿನಿಪೆಗ್‌ನವರೇ ಆದ ಬ್ರೇಡಿ ಒಲಿವೇರಾ ಅವರಂಥ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನ ಬೆಲೆ ಇಲ್ಲಿ ಇಮ್ಮಡಿ: 2024ರಲ್ಲಿ ಅವರು ಲೀಗ್‌ನ ಶ್ರೇಷ್ಠ ಆಟಗಾರ ಎನಿಸಿದ್ದಲ್ಲದೆ, ಅವರಿಂದ ಒಬ್ಬ ಕೆನಡಿಯನ್‌ನ ಲೆಕ್ಕವೂ ತುಂಬುತ್ತದೆ.

ತವರಿನ ಬಲವನ್ನು ಮಾತ್ರ ನಾನು ಅಲ್ಲಗಳೆಯುವುದಿಲ್ಲ. 2005ರಿಂದ 2015ರವರೆಗಿನ ಲೇಬರ್ ಡೇ ಪಂದ್ಯಗಳನ್ನು ಸಸ್ಕಾಚೆವಾನ್ ಒಂದನ್ನೂ ಬಿಡದೆ ಗೆದ್ದಿತ್ತು. ಕಲ್ಲಂಗಡಿಯ ತಿರುಳನ್ನೆಲ್ಲ ಕೆತ್ತಿ ತೆಗೆದು, ಚಿಪ್ಪನ್ನು ಹೆಲ್ಮೆಟ್ಟಿನಂತೆ ಕೊರೆದು ತಲೆಗೆ ಹಾಕಿಕೊಂಡು, ರಸ ಕತ್ತಿಗೆ ಇಳಿಯುತ್ತಿದ್ದರೂ ಕಿರುಚುವುದನ್ನು ನಿಲ್ಲಿಸದ ಹಸಿರು ಜನಸಾಗರದ ಎದುರು, ಹೊರಗಿನ ಕ್ವಾರ್ಟರ್‌ಬ್ಯಾಕ್‌ಗೆ ತನ್ನ ಸಂಗಡಿಗರಿಗೆ ಸಂಕೇತ ಕೂಗಿ ಹೇಳುವುದೇ ಕಷ್ಟ. ಮರುವಾರ ವಿನಿಪೆಗ್‌ನಲ್ಲಿ ಗದ್ದಲದ ಪಾಳಿ ನಮ್ಮದು. ಆ ಎರಡನೆಯ ಪಂದ್ಯಕ್ಕೆ ಬ್ಯಾಂಜೊ ಬೌಲ್ ಎಂದು ಹೆಸರು. 2003ರಲ್ಲಿ ವಿನಿಪೆಗ್‌ನ ಟ್ರಾಯ್ ವೆಸ್ಟ್‌ವುಡ್ ನೆರೆ ಪ್ರಾಂತ್ಯದವರನ್ನು ಹಳ್ಳಿಗಾಡಿನ ತಂತಿವಾದ್ಯ ಬ್ಯಾಂಜೊ ಬಾರಿಸುವವರೆಂದು ಹೀಯಾಳಿಸಿ, ಕ್ಷಮೆ ಕೇಳುವ ನೆಪದಲ್ಲಿ ಅಲ್ಲಿನ ಬಹುತೇಕರಿಗೆ ಬ್ಯಾಂಜೊ ಬಾರಿಸಲು ಬರುವುದೇ ಇಲ್ಲ ಎಂದು ಮತ್ತೆ ಚುಚ್ಚಿದ್ದರಿಂದ ಹುಟ್ಟಿಕೊಂಡದ್ದು ಅದು. ವೆಸ್ಟ್‌ವುಡ್ ಕಿಕ್ಕರ್, ಅಂದರೆ ಚೆಂಡನ್ನು ಒದೆಯುವ ಆಟಗಾರ, ಆಗಿದ್ದರು. ಪಂದ್ಯಕ್ಕೆ ಹೆಸರು ಕೊಟ್ಟವನೇ ಕಿಕ್ಕರ್ ಆಗಿದ್ದರೂ ಪಂದ್ಯದ ಚರ್ಚೆಯಲ್ಲಿ ಕಿಕ್ಕರ್‌ಗೆ ಜಾಗವಿಲ್ಲ!

2021ರ ಆಗಸ್ಟ್‌ನಲ್ಲಿ ಒಂದೇ ಪಂದ್ಯದ ಮೇಲೆ ಬಾಜಿ ಕಟ್ಟುವುದು ಕೆನಡಾದಲ್ಲಿ ಕಾನೂನುಬದ್ಧವಾದ ಮೇಲೆ ಅಭಿಮಾನಿಗಳ ಮಾತಿನ ಧಾಟಿಯೂ ಬದಲಾಗಿದೆ. ಗೆಲ್ಲುವವರು ಯಾರು ಎಂಬುದಕ್ಕಿಂತ ಮೂರೂವರೆ ಅಂಕದ ಅಂತರ ದಾಟುತ್ತಾರೋ ಇಲ್ಲವೋ ಎಂಬುದೇ ಕೆಲವರಿಗೆ ದೊಡ್ಡದು. ದುಡ್ಡಿನ ಮಾತು ನನಗೆ ಹಿಡಿಸದು, ಆದರೆ ಅವರನ್ನು ಒಂದು ವಿಷಯಕ್ಕೆ ಮೆಚ್ಚುತ್ತೇನೆ: ಅಂತರವನ್ನು ಮೊದಲೇ ಹೇಳಿಬಿಡುವುದರಿಂದ, ಪಂದ್ಯ ಮುಗಿದ ಮೇಲೆ ನಾನು ಆಗಲೇ ಹೇಳಿದ್ದೆನಲ್ಲ ಎಂದು ಜಾರಿಕೊಳ್ಳಲು ಅವರಿಗೆ ದಾರಿಯಿರುವುದಿಲ್ಲ.

ಅದೇ ಶಿಸ್ತಿಗೆ ನಾನೂ ತಲೆಬಾಗುತ್ತೇನೆ. ಭಾನುವಾರ ರಿಜೈನಾದಲ್ಲಿ ರಫ್‌ರೈಡರ್ಸ್ ನಾಲ್ಕು ಅಂಕದೊಳಗಿನ ಅಂತರದಲ್ಲಿ ಗೆಲ್ಲುತ್ತದೆ, ಅದನ್ನು ಕೊನೆಯ ಮೂರು ನಿಮಿಷಗಳ ಒಂದು ಫೀಲ್ಡ್ ಗೋಲ್ ನಿರ್ಧರಿಸುತ್ತದೆ. ಮರುವಾರ ನಮ್ಮೂರಲ್ಲಿ ಬಾಂಬರ್ಸ್ ಹತ್ತು ಅಂಕಗಳಷ್ಟು ಅಂತರದಿಂದ ಸಾಲ ತೀರಿಸುತ್ತದೆ. ಶನಿವಾರ ರಾತ್ರಿಯ ಗಾಯಾಳು ಪಟ್ಟಿಯಲ್ಲಿ ವಿನಿಪೆಗ್‌ನ ಕೆನಡಿಯನ್ ಲೈನ್‌ಮನ್ ಒಬ್ಬನ ಹೆಸರಿದ್ದರೆ ಎರಡನೆಯ ಊಹೆಯನ್ನು ಹಿಂದಕ್ಕೆ ಪಡೆಯುತ್ತೇನೆ, ಮೊದಲನೆಯದನ್ನಲ್ಲ. ಒಪ್ಪದವರು ಕೆಳಗೆ ಬರೆಯಿರಿ, ಆದರೆ ಗೆಲ್ಲುವ ತಂಡದ ಜೊತೆಗೆ ಅಂತರವನ್ನೂ ಕಾರಣವನ್ನೂ ಕಿಕ್ಕರ್‌ನ ಹೆಸರನ್ನೂ ಬರೆಯಿರಿ.