ಹುಡುಕುವ ಕೆಲಸಕ್ಕೂ ಕೂಲಿ ಕೊಡೋಣ

ಕೊಲ್ಹಾರದ ಸೇತುವೆ ಮೇಲೆ ಗಾಡಿ ಕೈಕೊಟ್ಟರೆ ಹೇಗಿರುತ್ತದೆ ಅಂತ ಅಲ್ಲಿ ನಿಂತವರಿಗೇ ಗೊತ್ತು. ಎರಡೂ ಕಡೆ ಕೃಷ್ಣೆಯ ಹಿನ್ನೀರು. ಹಿಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್, ಅದರ ಹಿಂದೆ ಲಾರಿ. ಪಕ್ಕಕ್ಕೆ ಇಳಿಸಲು ಜಾಗವಿಲ್ಲ. ಕಳೆದ ಡಿಸೆಂಬರ್‌ನಲ್ಲಿ ನಮ್ಮ ಜೀಪು ಅಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಅವ್ವ ಇದ್ದಳು. ಕಣ್ಣು ತೋರಿಸಲು ಬಾಗಲಕೋಟೆಗೆ ಕರೆದುಕೊಂಡು ಹೊರಟಿದ್ದೆ.

ಅದು 1997ರ ಮಹೀಂದ್ರ ಕಮಾಂಡರ್, ಡೀಸೆಲ್ ಗಾಡಿ. ಟಿಕೋಟಾದ ಹತ್ತಿರ ನಮ್ಮ ದ್ರಾಕ್ಷಿ ತೋಟವಿದೆ. ಅಪ್ಪ ಅದಕ್ಕಂತಲೇ ತಗೊಂಡ ಗಾಡಿ. ಗೊಬ್ಬರದ ಚೀಲದಿಂದ ಹಿಡಿದು ನಮ್ಮ ಮನೆಯ ಬಾಣಂತಿಯರವರೆಗೆ ಎಲ್ಲರನ್ನೂ ಹೊತ್ತಿದೆ. 15 ವರ್ಷ ಆದಮೇಲೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಂಡು ಬಂದಿದ್ದೇವೆ. ಮಾರಿಬಿಡು ಅಂತ ಹೇಳಿದವರು ಬಹಳ ಜನ. ನನಗೆ ಮನಸ್ಸಾಗಲಿಲ್ಲ, ಈಗಲೂ ಇಲ್ಲ.

ತೊಂದರೆ ಶುರುವಾಗಿದ್ದು ಕಳೆದ ಯುಗಾದಿಯ ನಂತರ. ವಿಜಯಪುರ ಬಿಟ್ಟು ಮುಕ್ಕಾಲು ತಾಸು, ಒಂದು ತಾಸು ಚೆನ್ನಾಗಿ ಓಡುತ್ತಿತ್ತು. ಆಮೇಲೆ ಎಳೆಯುವ ಶಕ್ತಿ ಕಡಿಮೆಯಾಗುತ್ತಿತ್ತು. ಎಕ್ಸಲೇಟರ್ ಒತ್ತಿದರೂ ಏಳುತ್ತಿರಲಿಲ್ಲ. ನಾಲ್ಕು ಸಲ ಮುಗ್ಗರಿಸಿ ನಿಂತುಬಿಡುತ್ತಿತ್ತು. ಇಪ್ಪತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲ ಅನ್ನುವ ಹಾಗೆ ಚಾಲೂ. ತೋಟಕ್ಕೆ ಹೋಗಿ ಬರುವಾಗ ಒಂದು ದಿನವೂ ನಿಂತಿಲ್ಲ. ದೂರ ಹೊರಟಾಗ ಮಾತ್ರ ಹೀಗೆ. ಬೇಸಿಗೆ ಬೇರೆ. ನಮ್ಮ ಕಡೆ ಮೇ ತಿಂಗಳ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಎಲ್ಲರೂ ಒಂದೇ ಮಾತು ಹೇಳಿದರು, ಇಂಜಿನ್ ಕಾಯುತ್ತಿದೆ.

ಆಗ ನಾನು ಮಾಡಿದ್ದನ್ನೇ ನೀವೂ ಮಾಡಿರುತ್ತೀರಿ. ಗ್ಯಾರೇಜಿಗೆ ಹೋದೆ, "ಒಮ್ಮೊಮ್ಮೆ ನಿಲ್ಲುತ್ತದೆ, ನೋಡಿ" ಅಂದೆ. ಅಲ್ಲಿ ನಿಂತಿದ್ದ ಗಾಡಿ ಮಾತ್ರ ಗಡಿಯಾರದ ಹಾಗೆ ಓಡುತ್ತಿತ್ತು. ಡೀಸೆಲ್ ಫಿಲ್ಟರ್ ಬದಲಾಯಿತು, ಅದು ಹೇಗೂ ಬದಲಿಸಬೇಕಾಗಿತ್ತು. ಪೈಪುಗಳು ಬದಲಾದವು. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಹೊಸದು ಬಂತು. ಕೊನೆಗೆ ಇಂಜಿನ್‌ಗೆ ಡೀಸೆಲ್ ಒತ್ತಿ ಕೊಡುವ ಡೀಸೆಲ್ ಪಂಪನ್ನೇ ಬಿಚ್ಚಿ, ಅದನ್ನು ಪರೀಕ್ಷಿಸುವ ಲ್ಯಾಬಿಗೆ ಕಳಿಸಿದರು. ಎಲ್ಲ ಸೇರಿ 18 ಸಾವಿರ ರೂಪಾಯಿ ಹೋಯಿತು. ಗಾಡಿ ನಿಲ್ಲುವುದು ಹೋಗಲಿಲ್ಲ.

ಆಮೇಲೆ ಒಬ್ಬ ಹಿರಿಯ ಮಿಸ್ತ್ರಿಯ ಹತ್ತಿರ ಹೋದೆ. ಅವರು ಬಾನೆಟ್ ಎತ್ತಲೇ ಇಲ್ಲ. "ತಮ್ಮಾ, ಚಾಲೂ ಇದ್ದ ಗಾಡಿಯೊಳಗ ನಾ ಏನ್ ನೋಡ್ಲಿ? ನಿಂತಾಗ ಏನಾಗಿತ್ತು, ಅದನ್ನ ಹೇಳು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಂತಾಗೆಲ್ಲ ನಾನು ಮಾಡಿದ್ದು ಒಂದೇ ಕೆಲಸ, ಬೈದುಕೊಳ್ಳುತ್ತಾ ಕಾಯುವುದು. ಒಂದು ನೋಟ್‌ಬುಕ್ ಇಡು ಅಂದರು. ಎಷ್ಟು ಕಿಲೋಮೀಟರ್ ಆಗಿತ್ತು, ಏರಿತ್ತೋ ಇಳಿಜಾರಿತ್ತೋ, ಬಿಸಿಲೋ ತಂಪೋ, ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತು, ಹೇಗೆ ನಿಂತಿತು, ಎಷ್ಟು ಹೊತ್ತಿಗೆ ಮತ್ತೆ ಚಾಲೂ ಆಯಿತು. ಬರೆಯತೊಡಗಿದೆ. ಹಿಂದೆ ನಿಂತಿದ್ದನ್ನೂ ನೆನಪಾದಷ್ಟು ಬರೆದಿಟ್ಟೆ.

ಅವರು ಯೋಚನೆ ಮಾಡುವ ರೀತಿ ನನಗೆ ಬಹಳ ಹಿಡಿಸಿತು. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಬೇಡ. ಗಾಳಿ, ಕಂಪ್ರೆಷನ್ (ಆ ಗಾಳಿಯನ್ನು ಒತ್ತಿ ಬಿಸಿ ಮಾಡುವುದು), ಡೀಸೆಲ್ ಇವು ಮೂರು ಸಾಕು. ಕಂಪ್ರೆಷನ್ ಹೋದರೆ ಇಪ್ಪತ್ತು ನಿಮಿಷಕ್ಕೆ ತಾನಾಗಿ ವಾಪಸ್ ಬರುವುದಿಲ್ಲ. ಏರ್ ಫಿಲ್ಟರ್ ಕಟ್ಟಿದ್ದರೂ ಹಾಗೇ, ತಾನಾಗಿ ಬಿಡುವುದಿಲ್ಲ. ಉಳಿದದ್ದು ಡೀಸೆಲ್. ಅಂದರೆ ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಎಲ್ಲೋ ತಡೆ ಇದೆ, ಅಥವಾ ಎಲ್ಲಿಂದಲೋ ಆ ಪೈಪಿಗೆ ಗಾಳಿ ಸೇರಿ ಡೀಸೆಲ್ ಸಾಕಷ್ಟು ಬರುತ್ತಿಲ್ಲ.

ಗಾಳಿ ಸೇರುವ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲಿ ಬಹಳ ಜನ ತಪ್ಪುತ್ತಾರೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ ಎಳೆಯಲ್ಪಡುತ್ತದೆ. ಅಲ್ಲಿ ಸಣ್ಣ ಬಿರುಕು ಬಿದ್ದರೆ ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಜಾಸ್ತಿ. ನಾವು ಎಲ್ಲಿ ಒದ್ದೆಯಾಗಿದೆ ಅಂತ ಹುಡುಕುತ್ತೇವೆ, ಒದ್ದೆ ಇರುವುದೇ ಇಲ್ಲ. ಹಳೆ ರಬ್ಬರ್ ಪೈಪು, ಸಡಿಲವಾದ ಕ್ಲಿಪ್ಪು, ಎರಡನೇ ಸಲ ಹಾಕಿದ ತಾಮ್ರದ ವಾಷರ್, ಇವೇ ಜಾಗಗಳು. ಮಿಸ್ತ್ರಿ ಒಂದು ಗೇಣು ಪಾರದರ್ಶಕ ಪೈಪನ್ನು ಫಿಲ್ಟರಿನಿಂದ ಪಂಪಿಗೆ ಹೋಗುವ ದಾರಿಯಲ್ಲಿ ಕೂಡಿಸಿದರು. ಗಾಳಿ ಬರುತ್ತಿದ್ದರೆ ಗುಳ್ಳೆ ಕಾಣಬೇಕು. ಅರ್ಧ ತಾಸು ಇಬ್ಬರೂ ಬಗ್ಗಿ ನೋಡಿದೆವು. ಒಂದು ಗುಳ್ಳೆ ಇಲ್ಲ.

ಆಮೇಲೆ ಕ್ಯಾನ್ ಪರೀಕ್ಷೆ. 10 ಲೀಟರಿನ ಕ್ಯಾನು ತೊಳೆದು, ಸೋಸಿದ ಡೀಸೆಲ್ ತುಂಬಿ, ಗಾಡಿಯೊಳಗೆ ಗಟ್ಟಿಯಾಗಿ ಕಟ್ಟಿದರು. ಟ್ಯಾಂಕಿನ ಪೈಪು ಬಿಚ್ಚಿ ಕ್ಯಾನಿನಿಂದ ನೇರವಾಗಿ ಡೀಸೆಲ್ ಕೊಟ್ಟರು. ವಾಪಸ್ ಬರುವ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟರು. ಇದನ್ನು ಮರೆತರೆ ಕ್ಯಾನು ಬೇಗ ಖಾಲಿಯಾಗುತ್ತದೆ. ಮುಚ್ಚಳದಲ್ಲಿ ಎರಡು ಪೈಪಿಗೆ ಎರಡು ತೂತು. ಅದರ ಪಕ್ಕ ಮೊಳೆ ಕಾಯಿಸಿ ಮೂರನೆಯ ಸಣ್ಣ ತೂತು ಹಾಕಿದರು. ಅದು ಯಾಕೆ ಅಂತ ನಾನು ಕೇಳಲಿಲ್ಲ. ಆ ಮೂರನೆಯ ತೂತು ಈಗಲೂ ಕಣ್ಣ ಮುಂದೆ ಇದೆ.

ಝಳಕಿವರೆಗೆ ಹೋಗಿ ಬಂದೆವು. ಗಾಡಿ ಒಂದು ಸಲವೂ ಮುಗ್ಗರಿಸಲಿಲ್ಲ. ಅಂದರೆ ಪಂಪು ಸರಿ, ಇಂಜಿನ್‌ಗೆ ಡೀಸೆಲ್ ಚಿಮ್ಮಿಸುವ ನೋಝಲ್ ಸರಿ, ಫಿಲ್ಟರ್ ಸರಿ. ಕಾಯಿಲೆ ಟ್ಯಾಂಕಿನ ಕಡೆಗೆ. ಲ್ಯಾಬಿಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು ಅಂತ ಆವತ್ತೇ ಗೊತ್ತಾಯಿತು. ಟ್ಯಾಂಕ್ ಇಳಿಸಿದೆವು. ತಳದಲ್ಲಿ ತುಕ್ಕು, ಕೆಸರು ಇತ್ತು. ಎಳೆಯುವ ಪೈಪಿನ ಬಾಯಿಗೆ ಇಂಥ ಕಸ ಬಂದು ಅಂಟಿಕೊಳ್ಳುತ್ತದೆ, ಇಂಜಿನ್ ನಿಂತು ಎಳೆತ ಹೋದಾಗ ಕೆಳಗೆ ಬೀಳುತ್ತದೆ, ಗಾಡಿ ಮತ್ತೆ ಚಾಲೂ ಆಗುತ್ತದೆ. ನಮ್ಮ ಲಕ್ಷಣಕ್ಕೆ ಪೂರ್ತಿ ಹೊಂದಿತು. ತೊಳೆದು ಕೂಡಿಸಿದೆವು. ತೋಟಕ್ಕೆ ಐದಾರು ಸಲ ಹೋಗಿ ಬಂದೆ. ಮುಗಿಯಿತು ಅಂದುಕೊಂಡೆ.

ಆಮೇಲೆ ಡಿಸೆಂಬರ್. ಬೆಳಗಿನ ಚಳಿ. ಸೇತುವೆ.

ಇಂಜಿನ್ ಕಾಯುವ ಮಾತು ಅಲ್ಲಿಗೆ ಬಿತ್ತು. ಹಜಾರ್ಡ್ ಲೈಟ್ ಹಾಕಿದೆ. ಅವ್ವನನ್ನು ಇಳಿಸಿ ಪಕ್ಕದ ಕಟ್ಟೆಯ ಹತ್ತಿರ ನಿಲ್ಲಿಸಿದೆ. "ಯಪ್ಪಾ, ಎಣ್ಣಿ ಮುಗಿದಿತ್ತೇನ ನೋಡೋ" ಅಂದಳು. ಹಿಂದಿನ ದಿನ ಟ್ಯಾಂಕ್ ತುಂಬಿಸಿದ್ದೇನೆ ಅಂತ ನನ್ನ ತಮ್ಮ ಹೇಳಿದ್ದ. ನಮ್ಮ ಗಾಡಿಯ ಡೀಸೆಲ್ ಮುಳ್ಳು ಕೆಲಸ ಬಿಟ್ಟು ವರ್ಷಗಳಾಗಿವೆ, ಅಳೆಯಲು ಒಂದು ಬಿದಿರಿನ ಕಡ್ಡಿ ಇದೆ. ಕಡ್ಡಿ ತಗೊಂಡು ಟ್ಯಾಂಕಿನ ಮುಚ್ಚಳದ ಬೀಗ ತೆಗೆದೆ. ಮುಚ್ಚಳ ತಿರುಗಿತು, ಮೇಲೆ ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದ ಹಾಗೆ. ಜೋರಾಗಿ ಎಳೆದೆ. ಸುಂಯ್ ಅಂತ ಗಾಳಿ ಒಳಗೆ ನುಗ್ಗಿತು. ಎರಡು ಮೂರು ಸೆಕೆಂಡ್ ಆ ಸದ್ದು. ಕೈಗೆ ಆ ಎಳೆತ ಗೊತ್ತಾಯಿತು.

ಕೈಯಿಂದ ಡೀಸೆಲ್ ಎಳೆಯುವ ಹ್ಯಾಂಡ್ ಪ್ರೈಮರ್ ಇಪ್ಪತ್ತು ಸಲ ಒತ್ತಿ ಸೆಲ್ಫ್ ಹೊಡೆದೆ. ಚಾಲೂ. ಮುಚ್ಚಳವನ್ನು ಸಡಿಲ ಬಿಟ್ಟು, ಮೇಲೆ ಬಟ್ಟೆ ಕಟ್ಟಿ ಬಾಗಲಕೋಟೆಗೆ ಹೋಗಿ ಬಂದೆ. ಡೀಸೆಲ್ ಗಾಡಿ, ನಿಧಾನವಾಗಿ ಓಡಿಸಿದೆ ಅಂತ ಮಾಡಿದ್ದು, ಪೆಟ್ರೋಲ್ ಗಾಡಿಯಲ್ಲಿ ದಯವಿಟ್ಟು ಹೀಗೆ ಮಾಡಬೇಡಿ. ಗಾಡಿ ಎಲ್ಲೂ ನಿಲ್ಲಲಿಲ್ಲ. ಬರುವಾಗ ಕೊಲ್ಹಾರದಲ್ಲಿ ಗಡಿಗೆ ಮೊಸರು ತಗೊಂಡೆವು. ಅವ್ವನ ಮುಖದಲ್ಲಿ ಆಗ ನಗು ಬಂತು.

ರಾತ್ರಿ ನೋಟ್‌ಬುಕ್ ತೆಗೆದೆ. ಏಳು ಸಲ ನಿಂತಿತ್ತು. ಏಳೂ ಸಲ ಟ್ಯಾಂಕ್ ತುಂಬಿಸಿಕೊಂಡು ಹೊರಟ ದಿನ. ದೂರ ಹೋಗುವಾಗ ಮಾತ್ರ ಟ್ಯಾಂಕ್ ತುಂಬಿಸುತ್ತೇವೆ, ತೋಟಕ್ಕೆ ಐದು ಲೀಟರ್ ಹಾಕಿಸಿ ಹೋಗುತ್ತೇವೆ. ದೂರಕ್ಕೂ ಬಿಸಿಲಿಗೂ ಸಂಬಂಧ ಇಟ್ಟಿದ್ದೆವು, ಸಂಬಂಧ ಇದ್ದದ್ದು ತುಂಬಿದ ಟ್ಯಾಂಕಿಗೆ.

ಲೆಕ್ಕ ಸರಳ. ಡೀಸೆಲ್ ಖರ್ಚಾದಷ್ಟು ಗಾಳಿ ಟ್ಯಾಂಕಿಗೆ ಬರಬೇಕು. ಅದಕ್ಕೆ ಮುಚ್ಚಳದಲ್ಲೋ ಟ್ಯಾಂಕಿನಲ್ಲೋ ಉಸಿರಾಡುವ ದಾರಿ ಇರುತ್ತದೆ. ಅದು ಮುಚ್ಚಿದೆ ಅಂದುಕೊಳ್ಳಿ. ತುಂಬಿದ ಟ್ಯಾಂಕಿನ ಮೇಲೆ 3 ಲೀಟರ್ ಗಾಳಿ ಇದ್ದರೆ, 1 ಲೀಟರ್ ಡೀಸೆಲ್ ಖರ್ಚಾದಾಗ ಅಷ್ಟೇ ಗಾಳಿ 4 ಲೀಟರ್ ಜಾಗಕ್ಕೆ ಹರಡಬೇಕು. ಒತ್ತಡ ಕಾಲು ಭಾಗ ಇಳಿಯುತ್ತದೆ. ಟ್ಯಾಂಕ್ ಅರ್ಧ ಖಾಲಿ ಇದ್ದು 24 ಲೀಟರ್ ಗಾಳಿ ಇದ್ದರೆ, ಅದೇ 1 ಲೀಟರಿಗೆ ಇಳಿಯುವುದು 25ರಲ್ಲಿ 1 ಭಾಗ ಮಾತ್ರ. ತುಂಬಿದ ಟ್ಯಾಂಕು ಡೀಸೆಲನ್ನು ಹಿಡಿದುಕೊಳ್ಳುತ್ತಿತ್ತು, ಪಂಪಿಗೆ ಎಳೆಯಲು ಆಗುತ್ತಿರಲಿಲ್ಲ. ನಿಂತು ಇಪ್ಪತ್ತು ನಿಮಿಷದಲ್ಲಿ ಸಂದಿಯಿಂದ ಅಷ್ಟಿಷ್ಟು ಗಾಳಿ ಸೇರಿ ಮತ್ತೆ ಓಡುತ್ತಿತ್ತು.

ಆ ಮುಚ್ಚಳ ಎಲ್ಲಿಂದ ಬಂತು? ಹಳೆಯದನ್ನು ಒಂದು ಬಂಕಿನಲ್ಲಿ ಮರೆತು ಬಂದಿದ್ದೆವು. 250 ರೂಪಾಯಿಗೆ ಬೀಗದ ಮುಚ್ಚಳ ತಂದು ಹಾಕಿದೆವು. ಅದರಲ್ಲಿ ಗಾಳಿಯ ದಾರಿಯೇ ಇಲ್ಲ. ಟ್ಯಾಂಕಿನ ಗಾಳಿ ಪೈಪು ತುಕ್ಕು ಹಿಡಿದು ಮೊದಲೇ ಕಟ್ಟಿತ್ತು. ಹಾಕಿದ್ದು ಯುಗಾದಿಗೆ ಒಂದು ವಾರ ಮೊದಲು. "ತೊಂದರೆ ಶುರುವಾಗುವ ಮುಂಚೆ ಗಾಡಿಯಲ್ಲಿ ಏನು ಬದಲಿಸಿದಿರಿ?" ಈ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ನಾನಾಗಿಯೇ ಹೇಳಲೂ ಇಲ್ಲ. ಮುಚ್ಚಳ ಅಂದರೆ ಇಂಜಿನ್‌ಗೆ ಏನು ಸಂಬಂಧ ಅಂತ ಅನ್ನಿಸುತ್ತದೆ, ಅಲ್ವಾ?

ಮೊದಲ ಗ್ಯಾರೇಜಿನವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ರೂಢಿಯ ಮೇಲೆ ಇದೆ. ನಾವು ಸಾಮಾನಿಗೆ ದುಡ್ಡು ಕೊಡುತ್ತೇವೆ, ಬಿಚ್ಚಿ ಹಾಕುವುದಕ್ಕೆ ಕೊಡುತ್ತೇವೆ. ಹುಡುಕುವುದಕ್ಕೆ ಕೊಡುವುದಿಲ್ಲ. ಒಬ್ಬ ಮಿಸ್ತ್ರಿ ಮೂರು ತಾಸು ನೋಡಿ, ಕೇಳಿ, ಯೋಚಿಸಿ 250 ರೂಪಾಯಿಯ ಮುಚ್ಚಳದಲ್ಲಿ ತಪ್ಪು ಹಿಡಿದರೆ ಏನನ್ನುತ್ತೇವೆ? "ಒಂದು ಮುಚ್ಚಳಕ್ಕೆ ಇಷ್ಟು ದುಡ್ಡಾ?" ಅದೇ ಪಂಪ್ ಬಿಚ್ಚಿ ಲ್ಯಾಬಿಗೆ ಕಳಿಸಿದರೆ ಸಾವಿರಗಟ್ಟಲೆ ಬಿಲ್ಲಿಗೆ ತಕರಾರಿಲ್ಲದೆ ದುಡ್ಡು ಎಣಿಸುತ್ತೇವೆ. ಹೀಗಿರುವಾಗ ಯಾರು ಹುಡುಕುತ್ತಾರೆ? ಸಾಮಾನು ಬದಲಿಸುವುದೇ ಅವರಿಗೆ ಹೊಟ್ಟೆಪಾಡು. ಒಮ್ಮೊಮ್ಮೆ ಬಂದು ಹೋಗುವ ತೊಂದರೆಗೆ ಬೇಕಾಗಿರುವುದು ಸಮಯ, ಆ ಸಮಯಕ್ಕೆ ಬೆಲೆ ಕಟ್ಟುವುದನ್ನು ನಾವು ಕಲಿತಿಲ್ಲ.

ಪೆಟ್ರೋಲ್ ಕಾರು ಇರುವವರಿಗೂ ಎರಡು ಮಾತು. ಹೇಗೆ ನಿಂತಿತು ಅನ್ನುವುದನ್ನು ಗಮನಿಸಿ. ಸ್ವಿಚ್ ಆರಿಸಿದ ಹಾಗೆ ಪಟ್ಟನೆ ನಿಂತರೆ ಮೊದಲು ಕರೆಂಟಿನ ಕಡೆ ನೋಡಿಸಿ. ಇಗ್ನಿಷನ್ ಸ್ವಿಚ್, ಬ್ಯಾಟರಿ ಟರ್ಮಿನಲ್, ಅರ್ತಿಂಗ್ ವೈರು, ಸ್ಪಾರ್ಕಿಗೆ ಕರೆಂಟ್ ಕೊಡುವ ಕಾಯಿಲ್. ಎಂಪಿಎಫ್ಐ, ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಗಾಡಿಯಲ್ಲಿ, ಇಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಕಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಸರಿಯಾಗುವುದುಂಟು. ಗಾಡಿ ಇನ್ನೂ ಗೇರಿನಲ್ಲಿ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದರೆ ಆ ಕಡೆ ಅನುಮಾನ ಪಡಿ. ಕೆಮ್ಮಿ, ಜರ್ಕ್ ಹೊಡೆದು ನಿಂತರೆ ಪೆಟ್ರೋಲ್ ದಾರಿ, ಅಂದರೆ ಪಂಪು, ಫಿಲ್ಟರು. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಆರುತ್ತಿದ್ದರೆ ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕೊಳೆಯಾಗಿರಬಹುದು. ಬ್ರೇಕ್ ಬೂಸ್ಟರ್ (ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಸಾಧನ) ಇರುವ ಗಾಡಿಯಲ್ಲಿ ಇಂಜಿನ್ ಆರಿದ ಮೇಲೆ ಒಂದೆರಡು ಸಲ ಒತ್ತುವಷ್ಟರಲ್ಲಿ ಬ್ರೇಕ್ ಗಟ್ಟಿಯಾಗುತ್ತದೆ. ಮತ್ತೆ ಮತ್ತೆ ಒತ್ತಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಪಕ್ಕಕ್ಕೆ ತನ್ನಿ.

ಮರುದಿನ ಮುಚ್ಚಳ ತಗೊಂಡು ಹಿರಿಯ ಮಿಸ್ತ್ರಿಯ ಹತ್ತಿರ ಹೋದೆ. ಅವರು ಅದನ್ನು ಬಾಯಿಗೆ ಹಿಡಿದು ಊದಿದರು. ಗಾಳಿ ದಾಟಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ಯಾನಿಗೆ ತೂತು ಹೊಡದೆ, ಟಾಕಿದು ನೋಡಲಿಲ್ಲ ನೋಡು" ಅಂದರು. ಗಾಳಿಯ ದಾರಿ ಇರುವ ಮುಚ್ಚಳ ಹಾಕಿ, ಟ್ಯಾಂಕಿನ ಪೈಪು ಬಿಡಿಸಿಕೊಟ್ಟರು. ಎಷ್ಟಾಯಿತು ಅಂದೆ. ಮುಚ್ಚಳದ ದುಡ್ಡು ಅಷ್ಟೇ ಅಂದರು. ಝಳಕಿಗೆ ಬಂದ ದಿನದ್ದೂ ಸೇರಿಸಿ 2 ಸಾವಿರ ಕೊಟ್ಟೆ. ಇದು ಯಾತಕ್ಕೆ ಅಂತ ಕೇಳಿದರು. ಹುಡುಕಿದ್ದಕ್ಕೆ ಅಂದೆ. ಬೇಡ ಬೇಡ ಅಂದರು. ಬಹಳ ಹೊತ್ತು ಆದಮೇಲೆ ಜೇಬಿಗೆ ಇಟ್ಟುಕೊಂಡರು. ಆ ಬೀಗದ ಮುಚ್ಚಳ ಈಗ ಅವರ ಗ್ಯಾರೇಜಿನ ಗೋಡೆಯ ಮೊಳೆಗೆ ನೇತಾಡುತ್ತಿದೆ. ಗಾಡಿ ನಿಲ್ಲುತ್ತದೆ ಅಂತ ಬಂದವರಿಗೆ ಅವರು ಮೊದಲು ಅದನ್ನೇ ತೋರಿಸುತ್ತಾರೆ.