180 ರೂಪಾಯಿಯ ಎಲ್ಬೋ

ಹಳೇ ಕಾರಿನಲ್ಲಿ ಇಂಜಿನ್ ತಣ್ಣಗಿಡುವ ಕೂಲೆಂಟ್ ದ್ರವದ ಸೋರಿಕೆಗೆ ಒಂದು ಕೆಟ್ಟ ಗುಣವಿದೆ. ಮೆಕ್ಯಾನಿಕ್ ಎದುರಿಗೆ ಅದು ಸೋರುವುದಿಲ್ಲ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಪ್ಲಾಸ್ಟಿಕ್ಕು, ರಬ್ಬರು ಎರಡೂ ಸ್ವಲ್ಪ ಕುಗ್ಗಿರುತ್ತವೆ. ಆಗ ಸಂದಿಯಿಂದ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಎಲ್ಲ ಬಿಸಿಯಾಗಿ, ಹಿಗ್ಗಿ, ಸಂದಿ ಮುಚ್ಚಿಕೊಂಡಿರುತ್ತದೆ. ಅಷ್ಟಿಷ್ಟು ಹೊರಬಂದಿದ್ದೂ ಕಾದ ಇಂಜಿನ್ ಮೇಲೆ ಆವಿಯಾಗಿ ಹೋಗಿರುತ್ತದೆ. ‘ಎಲ್ಲಿ ಸಾರ್ ಲೀಕು?’ ಎಂದು ಅವರು ಕೇಳಿದಾಗ, ಹೊಟ್ಟೆನೋವು ಅಂತ ಸ್ಕೂಲಿಗೆ ಚಕ್ಕರ್ ಹೊಡೆದ ಹುಡುಗನ ಹಾಗೆ ನಾವು ನಿಂತಿರಬೇಕು.

ನಮ್ಮದು 1999ರ ಮಾಡೆಲ್. ಕಂಪನಿಯ ಹೆಸರು ಬೇಡ. ಇಷ್ಟು ವರ್ಷ ಓಡಿದ ಗಾಡಿಯ ಬಗ್ಗೆ ದೂರು ಹೇಳುವುದು ನ್ಯಾಯವಲ್ಲ. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಹೋಗಿ, ಹಸಿರು ತೆರಿಗೆ ಕಟ್ಟಿ, ತಾನಿನ್ನೂ ಬದುಕಿದ್ದೇನೆ ಎಂದು ತೋರಿಸಿ ಬರುವ ಕಾರು ಅದು. ಅಲ್ಲಿಯೂ ಅದು ಒಂದು ಹನಿ ಬೀಳಿಸಲಿಲ್ಲ. ಮರ್ಯಾದೆ ಎಲ್ಲಿ ಉಳಿಸಬೇಕು ಅಂತ ಅದಕ್ಕೆ ಚೆನ್ನಾಗಿ ಗೊತ್ತು.

ಮೊದಲು ಕಂಡುಹಿಡಿದದ್ದು ಅಮ್ಮ. ಹಿಂದಿನ ಸೀಟಿನಲ್ಲಿ ಕೂತವರು, ‘ಯಾರೋ ಬೆಲ್ಲದ ಪಾಕ ಇಟ್ಟಿದಾರೆ ಕಣೋ, ಇನ್ನೇನು ತಳ ಹಿಡಿಯುತ್ತೆ’ ಎಂದರು. ನಾವಿದ್ದದ್ದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನ ನಡುವೆ. ಅಲ್ಲಿ ಪಾಕ ಇಡುವವರು ಯಾರು? ಮನೆಗೆ ಬಂದು ಬಾನೆಟ್ ಎತ್ತಿ ನೋಡಿದರೆ ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಲೆಂಟ್ ‘ಮಿನ್’ ಗೆರೆಗಿಂತ ಕೆಳಗಿಳಿದಿತ್ತು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ಎಂದೂ, ಆದರೆ ಅದು ವಿಷ ಎಂದೂ, ನಾಯಿ ಬೆಕ್ಕುಗಳು ರುಚಿಗೆ ಮೋಸಹೋಗಿ ನೆಕ್ಕಿದರೆ ಕಿಡ್ನಿ ಕೆಟ್ಟು ಸಾಯುತ್ತವೆ ಎಂದೂ ಅಮ್ಮನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ‘ಅದನ್ನ ಕಾರಿಗೆ ಯಾಕೆ ಹಾಕಿಸ್ತೀಯ ಮತ್ತೆ?’ ಎಂದರು.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ಸೋರಿದರೆ ಅದು ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಹಸಿರು ಕಲೆಯ ಫೋಟೋ, ಸುತ್ತ ಕೆಂಪು ಗೆರೆ ಎಳೆಸಿಕೊಂಡು, ವಾಟ್ಸಾಪ್ ಗುಂಪಿಗೆ ಬಂತು. ಅದರ ಹಿಂದೆಯೇ ಡಾಕ್ಟರುಗಳು ಬಂದರು. ಎರಡನೇ ಮಹಡಿಯವರು ರೇಡಿಯೇಟರ್ ಎಂದರು. ಅವರ ಮಗ, ಇಂಜಿನಿಯರಿಂಗ್ ಓದುತ್ತಿರುವವನು, ವಾಟರ್ ಪಂಪ್ ಎಂದ. ಒಬ್ಬರಂತೂ ಹತ್ತಿರ ಬಂದು, ದನಿ ತಗ್ಗಿಸಿ, ‘ಹೆಡ್ ಗ್ಯಾಸ್ಕೆಟ್ ಇರಬಹುದು, ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎಂದರು. ಇಂಜಿನ್ನಿನ ಹೊಟ್ಟೆ ಬಿಚ್ಚಿಸುವ ಕಾಯಿಲೆ ಅದು.

ಎದುರುಮನೆ ಅಂಕಲ್ ಮಾತ್ರ ಕಾಯಿಲೆಯ ಹೆಸರು ಹೇಳಲಿಲ್ಲ, ನೇರ ಔಷಧಿ ಹೇಳಿದರು. ಒಂದು ಕಾಲದಲ್ಲಿ ಹಾಸನದಲ್ಲಿ ಲಾರಿ ಇಟ್ಟಿದ್ದವರು. ‘ಅರಿಸಿನ ಹಾಕಿ. ಒಂದು ಹಿಡಿ ಅರಿಸಿನದ ಪುಡಿ ರೇಡಿಯೇಟರಿಗೆ ಸುರಿದರೆ ಮುಗೀತು. ಶಿರಾಡಿ ಘಾಟಿಯಲ್ಲಿ ನಮ್ಮ ಡ್ರೈವರುಗಳು ಹೀಗೇ ಗಾಡಿ ದಾಟಿಸ್ತಿದ್ದರು.’ ಇದು ತಮಾಷೆಯಲ್ಲ, ಲಾರಿಯವರ ಹಳೇ ಉಪಾಯವೇ. ಪುಡಿ ನೀರಿನ ಜೊತೆ ಸುತ್ತುತ್ತಾ ಬಿರುಕಿಗೆ ಹೋಗಿ ಕೂರುತ್ತದೆ, ಸೋರುವುದು ಕಮ್ಮಿಯಾಗುತ್ತದೆ. ಕಷ್ಟವೆಂದರೆ ಪುಡಿಗೆ ಬಿರುಕು ಯಾವುದು, ರೇಡಿಯೇಟರಿನ ಸಣ್ಣ ನಳಿಗೆ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಮುಚ್ಚುತ್ತದೆ. ನಡುಘಾಟಿಯಲ್ಲಿ ನಿಂತ ಲಾರಿಗೆ ಅದು ಸರಿ. ಬೇಸ್‌ಮೆಂಟಿನಲ್ಲಿ ನಿಂತ ಕಾರಿಗೆ ಯಾವ ಅರ್ಜೆಂಟು? ‘ಯೋಚನೆ ಮಾಡ್ತೀನಿ ಅಂಕಲ್’ ಎಂದೆ. ಅವರು ಮನೆಯೊಳಗೆ ಹೋಗಿ ಪೊಟ್ಟಣವನ್ನೇ ತಂದುಬಿಟ್ಟರು.

ಭಾನುವಾರ ಮನೆಗೇ ಬಂದು ಕೆಲಸ ಮಾಡಿಕೊಡುವ ಮೆಕ್ಯಾನಿಕ್ ಅಣ್ಣ ಒಬ್ಬರಿದ್ದಾರೆ. ಅವರು ಯಾರ ಮಾತಿಗೂ ಕಿವಿಗೊಡದೆ ರೇಡಿಯೇಟರ್ ಕ್ಯಾಪಿನ ಜಾಗಕ್ಕೆ ಮೀಟರ್ ಇರುವ ಒಂದು ಕೈಪಂಪು ಸಿಕ್ಕಿಸಿ ಗಾಳಿ ಒತ್ತಿದರು. ಕ್ಯಾಪು ತಡೆಯುವಷ್ಟೇ ಒತ್ತಡ, ಸುಮಾರು 13 ಪಿಎಸ್‌ಐ. ಇಂಜಿನ್ ತಣ್ಣಗಿತ್ತು. ಕಾರಿಗೆ ಈ ಸಲ ನಾಟಕ ಮಾಡಲು ಆಗಲಿಲ್ಲ. ಇಂಜಿನ್ನಿನ ಹಿಂಭಾಗದಲ್ಲಿ, ಡ್ಯಾಶ್‌ಬೋರ್ಡಿನ ಆಚೆಯ ತಗಡಿಗೆ ತಾಗಿಕೊಂಡಂತೆ, ಬೆಳಕೂ ಹೋಗದ ಜಾಗದಲ್ಲಿ ಹಸಿರು ಹನಿಗಳು ಮೂಡಿದವು. ಹೀಟರಿಗೆ ಬಿಸಿನೀರು ಕೊಡುವ ಪ್ಲಾಸ್ಟಿಕ್ ಎಲ್ಬೋ, ಮೊಣಕೈಯಂತೆ ಬಾಗಿದ ಪೈಪಿನ ತುಂಡು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ.

‘ಬೈಪಾಸ್ ಮಾಡಿಬಿಡೋಣ ಸಾರ್. ಎಲ್ಬೋ ಕಿತ್ತು ಬಾಯಿ ಮುಚ್ಚಿದರೆ ಆಯ್ತು. ಬೆಂಗಳೂರಲ್ಲಿ ಹೀಟರ್ ಯಾರು ಹಾಕ್ತಾರೆ?’

ಇದು ನಮ್ಮ ಕಡೆಯ ಮೆಕ್ಯಾನಿಕ್ಕುಗಳ ಪ್ರೀತಿಯ ಚಿಕಿತ್ಸೆ. ಕಾರು ಹೀಟ್ ಆದರೆ, ಬಿಸಿ ನೋಡಿಕೊಂಡು ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುತ್ತಾರೆ. ಫ್ಯಾನ್ ಸರಿಯಾಗಿ ತಿರುಗದಿದ್ದರೆ ‘ಡೈರೆಕ್ಟ್’ ಕೊಡುತ್ತಾರೆ, ಅದು ಮದುವೆಮನೆಯ ಫ್ಯಾನಿನ ಥರ ಇಡೀ ದಿನ ತಿರುಗುತ್ತದೆ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಪೆಟ್ರೋಲ್ ಮಾತ್ರ ಜಾಸ್ತಿ ಕುಡಿಯುತ್ತದೆ. ಹೀಟರ್ ವಿಷಯದಲ್ಲಿ ನನ್ನದೊಂದು ಹಟವಿದೆ. ಜುಲೈ ತಿಂಗಳಲ್ಲಿ ಮಡಿಕೇರಿ ರಸ್ತೆಯಲ್ಲಿ ಗಾಜಿನ ಒಳಗೆಲ್ಲ ಮಂಜು ಕಟ್ಟಿದಾಗ ಎಸಿಯ ಜೊತೆ ಹೀಟರ್ ಹಾಕಿದರೆ ಎರಡೇ ನಿಮಿಷಕ್ಕೆ ದಾರಿ ಕಾಣುತ್ತದೆ. ಹೀಟರ್ ಇಲ್ಲದವರು ಬನಿಯನ್ ಬಟ್ಟೆಯಲ್ಲಿ ಗಾಜು ಒರೆಸುತ್ತಾ ಒಂದು ಕೈಯಲ್ಲಿ ತಿರುವು ತಿರುಗಿಸಬೇಕು. ‘ಎಲ್ಬೋನೇ ಹಾಕೋಣ’ ಎಂದೆ. ‘ನಿಮ್ಮಿಷ್ಟ’ ಎಂದರು. ಆ ‘ನಿಮ್ಮಿಷ್ಟ’ದಲ್ಲಿ ಮುಂದಿನ ಎಲ್ಲ ಕಷ್ಟವೂ ನನ್ನ ಖಾತೆಗೆ ಎಂಬ ಎಚ್ಚರಿಕೆ ಇತ್ತು.

ಗಾಡಿ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ವಿಮಾನದ ರೆಕ್ಕೆಯೂ ಸಿಗುತ್ತದೆ ಎನ್ನುತ್ತಾರೆ. ಆದರೆ ಅಲ್ಲಿ ಮೊದಲು ಪರೀಕ್ಷೆ ಪಾಸಾಗಬೇಕು. ‘ಯಾವ ವರ್ಷ? ಕಾರ್ಬುರೇಟರಾ, ಎಂಪಿಎಫ್‌ಐಯಾ?’ ಇಂಜಿನ್ನಿಗೆ ಪೆಟ್ರೋಲ್ ಉಣಿಸುವ ಹಳೇ ವಿಧಾನ, ಹೊಸ ವಿಧಾನ ಇವು. 2000ರ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾಗಿ ಇಂಜಿನ್‌ಗಳು ಬದಲಾದವು. ನಮ್ಮದು ಹುಟ್ಟಿದ್ದು ಆ ಸಂಧಿಕಾಲದಲ್ಲೇ. ಅರ್ಧ ಹಳೇ ಸಾಮಾನು, ಅರ್ಧ ಹೊಸದು. ಅಂಗಡಿಯವರು ಅಟ್ಟದಿಂದ ಇಳಿಸಿದ ಎಲ್ಬೋಗಳನ್ನೆಲ್ಲ ಕೌಂಟರಿನ ಮೇಲೆ ಸಾಲಾಗಿ ಇಟ್ಟರು. ಎಲ್ಲವೂ ಒಂದೇ ಥರ. ಒಂದಕ್ಕೆ ಬೋಲ್ಟಿನ ತೂತು ಸ್ವಲ್ಪ ಆಚೆ, ಇನ್ನೊಂದರ ಮೂತಿ ಸ್ವಲ್ಪ ಸಪೂರ. ಕೊನೆಗೆ ಫೋನಿನಲ್ಲಿ ತೆಗೆದ ಫೋಟೋಗೆ ಹೋಲಿಸಿ ಒಂದನ್ನು ಆರಿಸಿದೆವು. ಸಂದಿ ಮುಚ್ಚುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಸೇರಿ 180 ರೂಪಾಯಿ. ‘ಹೋಸ್ ಪೈಪೂ ತಗೊಳ್ಳಿ, ಬೇಕಾಗುತ್ತೆ’ ಎಂದರು ಅಂಗಡಿಯವರು. ವ್ಯಾಪಾರದ ಮಾತೆಂದುಕೊಂಡರೂ ತಗೊಂಡೆ. ಅವರಿಗೆ ದೇವರು ಒಳ್ಳೇದು ಮಾಡಲಿ.

ಯಾಕೆಂದರೆ ಕ್ಲಿಪ್ ಸಡಿಲ ಮಾಡಿ ಹಳೇ ಪೈಪು ಎಳೆದ ಕೂಡಲೇ ಅದು ಉದ್ದಕ್ಕೆ ಸೀಳಿತು. ಆ ಕ್ಲಿಪ್ ಸಡಿಲ ಮಾಡಿದ್ದೇ ಒಂದು ಕಥೆ. ಕಾರ್ಖಾನೆಯಲ್ಲಿ ಇಂಜಿನ್ ಕಾರಿನೊಳಗೆ ಇಳಿಯುವ ಮೊದಲೇ ಇಂಥ ಕ್ಲಿಪ್ಪುಗಳನ್ನು ಹಾಕಿಬಿಡುತ್ತಾರೆ. ಆಗ ಅದರ ಸ್ಕ್ರೂ ಎಲ್ಲರಿಗೂ ಕಾಣುತ್ತದೆ. ಇಂಜಿನ್ ಕೂತ ಮೇಲೆ ಸ್ಕ್ರೂ ಗೋಡೆ ಕಡೆ ಮುಖ ಮಾಡಿರುತ್ತದೆ. ಏರ್ ಫಿಲ್ಟರ್ ಡಬ್ಬ ಬಿಚ್ಚಿ, ಅದರ ಪೈಪು ಬಿಚ್ಚಿ, ವೈರುಗಳನ್ನು ಪಕ್ಕಕ್ಕೆ ಕಟ್ಟಿ, ಅಣ್ಣ ಬಾನೆಟ್ಟಿನೊಳಗೆ ಸೊಂಟದವರೆಗೆ ಇಳಿದರು. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು, ಕೇಳುತ್ತಿದ್ದದ್ದು ಬರೆಯಲಾಗದ ಮಾತು.

ಎಲ್ಬೋ ಸುಲಭವಾಗಿ ಬಂತು. ಅಂದರೆ ಅರ್ಧ ಬಂತು. ಇದು ಗಾಜಿನ ನಾರು ಸೇರಿಸಿದ ನೈಲಾನ್. ಗಟ್ಟಿಯೇ. ಆದರೆ 90 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ನೆನೆದರೆ ಅದೂ ಬಾಳಿಕೆ ಕಳೆದುಕೊಂಡು ಪುಡಿಯಾಗುತ್ತದೆ. ಉಳಿದರ್ಧ ತೂತಿನೊಳಗೇ ಕಚ್ಚಿಕೊಂಡಿತ್ತು. ಅದರ ಚೂರು ಒಳಗೆ ಬಿದ್ದು ನೀರಿನ ಜೊತೆ ಹೊರಟರೆ ಥರ್ಮೋಸ್ಟಾಟಿನಲ್ಲಿ ಹೋಗಿ ಸಿಕ್ಕಿಕೊಳ್ಳಬಹುದು. ‘ಸಾರ್, ಚಿಕ್ಕ ಚಿಮಟ ಇದ್ರೆ ಕೊಡಿ’ ಎಂದಿತು ಬಾನೆಟ್ಟು.

ಮನೆಯಲ್ಲಿದ್ದ ಚಿಮಟ ಒಂದೇ. ಹೆಂಡತಿ ಹುಬ್ಬು ತಿದ್ದಿಕೊಳ್ಳುವ ಪ್ಲಕ್ಕರ್. ‘ಯಾಕ್ರೀ?’ ಎಂದಳು. ‘ಇಂಜಿನ್ನಿಗೆ’ ಎಂದೆ. ಒಂದು ನಿಮಿಷ ನನ್ನನ್ನೇ ನೋಡಿದಳು. ‘ತಗೊಂಡು ಹೋಗಿ. ವಾಪಸ್ ತರಬೇಡಿ. ಹೊಸದು ಕೊಡಿಸಿ, ಅದೂ ಜೆ.ಸಿ. ರಸ್ತೆಯದಲ್ಲ.’ ಅಣ್ಣ ಆ ಪ್ಲಕ್ಕರ್ ಹಿಡಿದು ಒಂದೊಂದೇ ಚೂರು ಕಿತ್ತು ನನ್ನ ಅಂಗೈಗೆ ಹಾಕಿದರು. ಎಲ್ಲವನ್ನೂ ನ್ಯೂಸ್‌ಪೇಪರ್ ಮೇಲೆ ಜೋಡಿಸಿ, ಎಲ್ಬೋದ ಆಕಾರ ಪೂರ್ತಿಯಾಗುವವರೆಗೆ ಬಿಡಲಿಲ್ಲ. ನೋಡಲು ಬಂದ ಮಕ್ಕಳು ಜಿಗ್‌ಸಾ ಪಜಲ್ ಎಂದುಕೊಂಡು ಕೂತರು. ಒಬ್ಬಳು ನಿಜಕ್ಕೂ ನಮಗಿಂತ ಬೇಗ ಜೋಡಿಸಿದಳು.

ಹೊಸ ಓ-ರಿಂಗಿಗೆ ಸಹಾಯಕ ಹುಡುಗ ಗ್ರೀಸ್ ಸವರಲು ಹೋದಾಗ ಅಣ್ಣ ಕೈ ಹಿಡಿದರು. ಕೂಲೆಂಟಿನ ರಬ್ಬರಿಗೆ ಸಾಮಾನ್ಯ ಗ್ರೀಸ್ ಆಗಿಬರುವುದಿಲ್ಲ, ಊದಿಕೊಂಡು ಮೆತ್ತಗಾಗುತ್ತದೆ. ಕೂಲೆಂಟಿನಲ್ಲೇ ಅದ್ದಿ ಕೂರಿಸಿದರು. ಬೋಲ್ಟನ್ನೂ ಬಿಗಿಯುವಾಗ ಜೀವ ಬಿಟ್ಟು ತಿರುಗಿಸಲಿಲ್ಲ.

ಆಮೇಲೆ ಕೂಲೆಂಟ್. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ‘ಕಾವೇರಿ ನೀರು ಸಾಲದಾ?’ ಅಂಕಲ್ ಪ್ರಶ್ನೆ. ನಲ್ಲಿ ನೀರಾಗಲಿ, ಬೋರ್‌ವೆಲ್ ನೀರಾಗಲಿ, ಅದರಲ್ಲಿರುವ ಲವಣ ಒಳಗೆ ಪದರ ಕಟ್ಟುತ್ತದೆ. ಬೋರ್‌ವೆಲ್ಲಿನದಂತೂ ಕೇಳುವುದೇ ಬೇಡ, ಬಚ್ಚಲ ಗೀಸರ್ ಬಿಚ್ಚಿಸಿದವರಿಗೆ ಗೊತ್ತು. ಮೇಲಾಗಿ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಬರೀ ನೀರು 97 ಡಿಗ್ರಿಗೇ ಕುದಿಯುತ್ತದೆ. ಕೂಲೆಂಟ್ ಬೆರೆಸಿ ಕ್ಯಾಪಿನ ಒತ್ತಡದಲ್ಲಿಟ್ಟರೆ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಅಂಕಲ್ ಒಪ್ಪಲಿಲ್ಲ. ಅವರ ಲಾರಿಗಳು ಹೇಮಾವತಿ ನೀರು ಕುಡಿದೇ ಓಡಿದ್ದವು.

ಇನ್ನು ಉಳಿದದ್ದು ಗಾಳಿ. ಒಳಗೆ ಗಾಳಿಗುಳ್ಳೆ ನಿಂತರೆ ನೀರು ಸುತ್ತುವುದಿಲ್ಲ, ಎಷ್ಟು ಹೊಸ ಎಲ್ಬೋ ಹಾಕಿದರೂ ಇಂಜಿನ್ ಹೀಟ್ ಆಗುತ್ತದೆ. ಗಾಳಿ ಹೊರಡಬೇಕಾದರೆ ಕಾರಿನ ಮೂತಿ ಮೇಲಿರಬೇಕು. ಹೀಟರ್ ಪೂರ್ತಿ ‘ಹಾಟ್’ನಲ್ಲಿರಬೇಕು. ನಮ್ಮ ಕಟ್ಟಡದಲ್ಲಿ ಏರು ಇರುವುದು ಒಂದೇ ಕಡೆ, ಬೇಸ್‌ಮೆಂಟಿನಿಂದ ರಸ್ತೆಗೆ ಹತ್ತುವ ರ‍್ಯಾಂಪ್. ತಿಂಗಳು ಏಪ್ರಿಲ್. ರ‍್ಯಾಂಪಿನ ನಡುವೆ ಕಾರು ನಿಲ್ಲಿಸಿ, ಹೀಟರ್ ಹಾಕಿಕೊಂಡು, ಬ್ರೇಕ್ ಒತ್ತಿ, ಟೆಂಪರೇಚರ್ ಮುಳ್ಳು ನೋಡುತ್ತಾ ಒಳಗೆ ಕೂರುವ ಕೆಲಸ ನನಗೆ ಬಂತು. ಹೊರಗೆ ಅಣ್ಣ ತೆರೆದ ಕ್ಯಾಪಿನ ಹತ್ತಿರ ನಿಂತು ಮೇಲಿನ ಪೈಪನ್ನು ಹಿಸುಕುತ್ತಾ, ಗುಳ್ಳೆ ಬಂದಾಗಲೆಲ್ಲ ‘ಬಂತು ಸಾರ್!’ ಎಂದು ಕೂಗುತ್ತಿದ್ದರು. ಹಿಂದೆ ಹೊರಗೆ ಹೋಗಬೇಕಾದ ಕಾರು, ಮುಂದೆ ಒಳಗೆ ಬರಬೇಕಾದ ಕಾರು. ಸೆಕ್ರೆಟರಿ ಬಂದು ಕಿಟಕಿ ತಟ್ಟಿದರು. ಗಾಜು ಇಳಿಸಿದೆ. ಒಳಗಿನ ಬಿಸಿಗಾಳಿ ಅವರ ಮುಖಕ್ಕೆ ರಾಚಿತು. ಹೇಳಬೇಕೆಂದಿದ್ದನ್ನು ಮರೆತು, ‘ನಿಮಗೆ ಹುಷಾರಿದೆಯಾ ಸಾರ್?’ ಎಂದು ಕೇಳಿ ನೀರಿನ ಬಾಟಲಿ ತರಿಸಿಕೊಟ್ಟರು. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಿ ತಾನಾಗಿ ನಿಂತಿತು, ಮುಳ್ಳು ಮಧ್ಯದಲ್ಲಿ ಅಲುಗದೆ ಕೂತಿತು. ರ‍್ಯಾಂಪ್ ಬಿಟ್ಟುಕೊಟ್ಟೆವು. ಹಳೇ ಕೂಲೆಂಟನ್ನು ಅಣ್ಣ ಡಬ್ಬಿಗೆ ತುಂಬಿ, ಬೀದಿನಾಯಿಗಳ ಬಾಯಿಗೆ ಸಿಗದಂತೆ ಮುಚ್ಚಳ ಬಿಗಿದು ತೆಗೆದುಕೊಂಡು ಹೋದರು.

ಮರುದಿನ ಸಂಜೆ ಆಫೀಸಿನಿಂದ ಬಂದು ಕಾರು ನಿಲ್ಲಿಸಿ ಮೇಲೆ ಹತ್ತುವಷ್ಟರಲ್ಲಿ ಗುಂಪಿನಲ್ಲಿ ಮತ್ತೆ ಫೋಟೋ. ಕಾರಿನ ಕೆಳಗೆ ನೀರು. ಕೆಂಪು ಗೆರೆ ಈ ಸಲ ಇನ್ನೂ ದಪ್ಪ. ಇಳಿದು ಬಂದೆ. ಡಾಕ್ಟರುಗಳು ಆಗಲೇ ಸೇರಿದ್ದರು. ಬಗ್ಗಿ ಬೆರಳು ಅದ್ದಿ ನೋಡಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ಅಂಟೂ ಇಲ್ಲ, ತಣ್ಣಗಿದೆ. ‘ಇದು ಎಸಿ ನೀರು. ಬೇಸಿಗೆ ಅಲ್ವಾ, ಎಲ್ಲ ಕಾರಿನಿಂದಲೂ ಬೀಳುತ್ತೆ’ ಎಂದೆ. ಯಾರ ಮುಖದಲ್ಲೂ ನಂಬಿಕೆ ಕಾಣಲಿಲ್ಲ. ಹೆಡ್ ಗ್ಯಾಸ್ಕೆಟ್‌ನವರು ನಿಟ್ಟುಸಿರು ಬಿಟ್ಟರು.

ಅಂಕಲ್ ಜೇಬಿನಿಂದ ಪೊಟ್ಟಣ ತೆಗೆದರು. ‘ಎಸಿಗೆ ಹಾಕಬಹುದಾ ನೋಡಿ.’