ದುಡ್ಡೂ ಇಸಕೊಂಡ, ಬೈದೂ ಕಳಿಸಿದ

ಕಳೆದ ಶನಿವಾರ ಮಿನಿಯಾಪೊಲಿಸ್‌ನ ಹಳೇ ರೆಕಾರ್ಡ್ ಅಂಗಡಿಯೊಂದರಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್‌ನ ‘ಸೆಲ್ಫ್ ಪೋರ್ಟ್ರೇಟ್’ ಆಲ್ಬಂ ಸಿಕ್ಕಿತು. ರಟ್ಟಿನ ಮೇಲೆ ಅವನೇ ಬರೆದುಕೊಂಡ ಮುಖ, ಒಂದನೇ ಕ್ಲಾಸಿನ ಡ್ರಾಯಿಂಗ್ ಪುಸ್ತಕದಿಂದ ಹರಿದು ಅಂಟಿಸಿದ ಹಾಗೆ. ಗಲ್ಲಾದಲ್ಲಿದ್ದ ಅಜ್ಜ ಕನ್ನಡಕ ಏರಿಸಿ ನೋಡಿ, “ಇದಾ? ಶುದ್ಧ ಕಸ. ಮೂರನೇ ಮಗ್ಗುಲಂತೂ ಹಾಕಲೇಬೇಡ” ಅಂದ. ಅಂದವನೇ ಹದಿನೆಂಟು ಡಾಲರ್ ಎಣಿಸಿಕೊಂಡ. ಅವನ ಬೆನ್ನ ಹಿಂದಿನ ಗೋಡೆ ತುಂಬ ಡಿಲನ್ ಫೋಟೊಗಳೇ.

ನನಗೆ ಎಷ್ಟು ಹಿತವಾಯಿತು ಅಂದರೆ, ಕಾರಿನಲ್ಲಿ ಕೂತು ಒಬ್ಬನೇ ನಕ್ಕೆ. ಯಾಕೆಂದರೆ ಅದರ ಹಿಂದಿನ ವಾರವಷ್ಟೇ ಮೈಸೂರಿನಲ್ಲಿರುವ ಅಣ್ಣನ ಮಗ ಗಿಟಾರ್ ಹಿಡಿದು ತಾನೇ ಬರೆದು ಹಾಡಿದ ಏಳು ಹಾಡುಗಳನ್ನು ಮನೆಯವರ ಗುಂಪಿಗೆ ಹಾಕಿದ್ದ. ಹದಿನಾರು ಜನ ಕೈ ಮುಗಿದರು, ಹೂಗುಚ್ಛ ಇಟ್ಟರು. ಸೋದರತ್ತೆ “ಸರಸ್ವತಿ ಪುತ್ರ” ಅಂದರು. ಅಷ್ಟು ಬೇಗ ಏಳು ಹಾಡು ಕೇಳಿ ಮುಗಿಸಲು ಸಾಧ್ಯವೇ ಇರಲಿಲ್ಲ. ನಾನು ಪೂರ್ತಿ ಕೇಳಿ, “ಎರಡನೆಯದು ಅದ್ಭುತ, ಮೂರನೆಯದರಲ್ಲಿ ಡ್ರಮ್ಸು ಮಾತನ್ನೇ ನುಂಗಿಬಿಟ್ಟಿದೆ” ಅಂತ ಬರೆದೆ. ಗುಂಪು ಗಪ್‌ಚುಪ್. ಅತ್ತಿಗೆ ಆಮೇಲೆ ಫೋನ್ ಎತ್ತಿಲ್ಲ. “ಅಮೆರಿಕಕ್ಕೆ ಹೋದ ಮೇಲೆ ಇವನಿಗೆ ನಮ್ಮದೆಲ್ಲ ಕಣ್ಣಿಗೆ ಬೀಳಲ್ಲ” ಅಂದರಂತೆ.

ಇಲ್ಲಿಯವರು ಏನು ಮಾಡಿದರು ನೋಡಿ. ಡಿಲನ್ ಇದೇ ಮಿನ್ನೆಸೋಟ ರಾಜ್ಯದವನು: ಡುಲುತ್‌ನಲ್ಲಿ ಹುಟ್ಟಿ, ಗಣಿ ಊರು ಹಿಬ್ಬಿಂಗ್‌ನಲ್ಲಿ ಬೆಳೆದವನು. 1970ರ ಜೂನ್‌ನಲ್ಲಿ ಎರಡು ರೆಕಾರ್ಡಿನ ಈ ಜೋಡಿ ಆಲ್ಬಂ ಬಂದಾಗ ಅವನು ಬರೀ ಹಾಡುಗಾರನಲ್ಲ, ಒಂದು ತಲೆಮಾರಿನ ದೇವರು. ಇಪ್ಪತ್ತನಾಲ್ಕು ಹಾಡು, ಬಹಳಷ್ಟು ಬೇರೆಯವರವು, ಹಳೆಯವು. ಮೊದಲನೆಯದರಲ್ಲಂತೂ ಡಿಲನ್ ಬಾಯೇ ಬಿಡುವುದಿಲ್ಲ. ಹೆಂಗಸರ ಮೇಳ ಅದದೇ ಮಾತನ್ನು ಮೂರು ನಿಮಿಷ ಎಳೆಯುತ್ತದೆ. ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಗ್ರೀಲ್ ಮಾರ್ಕಸ್ ಬರೆದ ವಿಮರ್ಶೆಯ ಮೊದಲ ವಾಕ್ಯವೇ ಇದೇನು ಹೇಲು ಅಂತ ಕೇಳುವ ಪ್ರಶ್ನೆ. ಅವನು ಡಿಲನ್ ದ್ವೇಷಿಯಲ್ಲ, ಹಾಡು ಹಾಡನ್ನೂ ಅಳೆದು ತೂಗಿದ ಭಕ್ತ. ಭಕ್ತನಿಗಲ್ಲದೆ ಅಷ್ಟು ಸಿಟ್ಟು ಯಾರಿಗೆ ಬರುತ್ತದೆ? ಬೈಗುಳದ ನಡುವೆಯೂ ಜನ ಕೊಂಡರು: ಅಮೆರಿಕದ ಪಟ್ಟಿಯಲ್ಲಿ ನಾಲ್ಕನೇ ಸ್ಥಾನ, ಬ್ರಿಟನ್ನಿನಲ್ಲಿ ಒಂದನೆಯದು. ನಾಲ್ಕೇ ತಿಂಗಳಲ್ಲಿ ಮುಂದಿನ ಆಲ್ಬಂ ಬಂತು. ಡಿಲನ್ ಮರಳಿ ಸಿಕ್ಕ ಅಂತ ಅದೇ ಪತ್ರಿಕೆ ಕುಣಿದಾಡಿತು. ಇವತ್ತು ಮಿನಿಯಾಪೊಲಿಸ್ ಊರ ಮಧ್ಯೆ ಐದಂತಸ್ತಿನ ಗೋಡೆ ತುಂಬ ಅವನದೇ ಚಿತ್ರ.

ನಮ್ಮಲ್ಲಿ ಕಟೌಟ್ ಎದ್ದು ನಿಂತರೆ ಮುಗಿಯಿತು, ಇನ್ನು ಹಾಲು ಸುರಿಯುವುದೊಂದೇ ಬಾಕಿ. ಕಾರ್ಯಕ್ರಮದಲ್ಲಿ ಶಾಲು, ಪೇಟ, ಫಲತಾಂಬೂಲ; ಕಾಫಿ ಹತ್ತಿರ ಬಂದಾಗ, “ಶ್ರುತಿ ಎಲ್ಲೋಗಿತ್ರೀ ಅವಂದು?” ಹಾಡಿದವನಿಗೆ ಬಿಟ್ಟು ಮಿಕ್ಕೆಲ್ಲರಿಗೂ ಗೊತ್ತು.

ಸರಿ, ಒಂದೆರಡು ಒಪ್ಪಲೇಬೇಕು. ನಮ್ಮವರು ಏನೂ ಹೇಳುವುದೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಕಚೇರಿಯಲ್ಲಿ ಮೃದಂಗದವರ ತನಿ ಆವರ್ತನ ಶುರುವಾದೊಡನೆ ರಾಮೋತ್ಸವದ ಪೆಂಡಾಲಿನಲ್ಲಿ ಅರ್ಧ ಸಭೆ ಏಳುತ್ತದಲ್ಲ, ಅದಕ್ಕಿಂತ ಖಾರದ ವಿಮರ್ಶೆ ಯಾವ ಪತ್ರಿಕೆ ಬರೆದೀತು? ಇನ್ನು ಈ ಮಿನ್ನೆಸೋಟದವರು ಆ ಅಜ್ಜನ ಹಾಗೆ ಇರುವುದೂ ಅಪರೂಪ. ಆಫೀಸಿನ ಊಟಕ್ಕೆ ನಾನು ಒಯ್ದ ಬಿಸಿಬೇಳೆಬಾತಿಗೆ ಒಬ್ಬಳು “ಡಿಫರೆಂಟ್ ಆಗಿದೆ” ಅಂದಳು. ಹಿಗ್ಗಿ ಇನ್ನೊಂದು ಸೌಟು ಬಡಿಸಿದೆ. ಇಲ್ಲಿ ಹಾಗಂದರೆ ಗಂಟಲಲ್ಲಿ ಇಳಿಯುತ್ತಿಲ್ಲ ಅಂತ ಅರ್ಥವಂತೆ. ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಮಾರ್ಕಸ್ ವಿಷಯವೂ ಅಷ್ಟು ಸರಳವಲ್ಲ. ಅದೇ ಕಾಲದ, ಆಗ ಹೊರಬಾರದ ಹಾಡುಗಳನ್ನು 2013ರಲ್ಲಿ ‘ಅನದರ್ ಸೆಲ್ಫ್ ಪೋರ್ಟ್ರೇಟ್’ ಅಂತ ತಂದಾಗ ಒಳಗಿನ ಟಿಪ್ಪಣಿ ಬರೆದದ್ದು ಬೇರೆ ಯಾರೂ ಅಲ್ಲ, ಅವನೇ. ಈ ಸಲ ಮೆಚ್ಚಿ ಬರೆದ. ವಾದ್ಯಗಳ ಭಾರ ತೆಗೆದ ಹಾಡುಗಳು ಅಲ್ಲಿ ಎಷ್ಟು ಚೆಂದ ಉಸಿರಾಡುತ್ತವೆ! ಹೇಲೆಂದ ಬಾಯಿ ತಿರುಗಲು ನಲವತ್ತಮೂರು ವರ್ಷ.

ನಿನ್ನೆ ರಾತ್ರಿ ಅಣ್ಣನ ಮಗ ಗುಂಪಿನಲ್ಲಲ್ಲ, ನನಗೊಬ್ಬನಿಗೇ ಬರೆದ: “ಚಿಕ್ಕಪ್ಪ, ಮೂರನೇ ಹಾಡಿನ ಡ್ರಮ್ಸ್ ತೆಗೆದು ಹಾಡಿದ್ದೀನಿ, ಕೇಳಿ. ಅಮ್ಮನಿಗೆ ಹೇಳಬೇಡಿ.” ಡಿಲನ್ ರೆಕಾರ್ಡು ಎತ್ತಿಟ್ಟು ಅದನ್ನು ಹಾಕಿದೆ. ಮಾತು ಈಗ ಕೇಳುತ್ತದೆ. ಕೇಳುವಂಥ ಮಾತೇನೂ ಇಲ್ಲ. ಉತ್ತರ ಇನ್ನೂ ಬರೆದಿಲ್ಲ. “ಡಿಫರೆಂಟ್ ಆಗಿದೆ” ಅಂತ ಎರಡು ಸಲ ಟೈಪ್ ಮಾಡಿ ಅಳಿಸಿದ್ದೇನೆ.